ಮೊದಲ ಮಹಡಿಯ ಕೋರ್ಸು

ರಾಮಯ್ಯನವರ ಕಟ್ಟಡದ ಮೊದಲ ಮಹಡಿಯಲ್ಲೇ ಕಂಪ್ಯೂಟರ್ ನೆಟ್‌ವರ್ಕಿಂಗ್ ಕಲಿಸುವ ಇನ್‌ಸ್ಟಿಟ್ಯೂಟ್ ಇದ್ದುದರಿಂದ, ಸೊಸೆ ದಿವ್ಯ ಎಲ್ಲಿ ಕಲಿಯಬೇಕು ಎಂಬ ಪ್ರಶ್ನೆ ಆ ಮನೆಯಲ್ಲಿ ಒಂದು ಬೆಳಗಿನ ತಿಂಡಿ ಮುಗಿಯುವಷ್ಟರಲ್ಲಿ ತೀರ್ಮಾನವಾಯಿತು.

ಕಟ್ಟಡ ಇರುವುದು ಸಾರಕ್ಕಿ ಸಿಗ್ನಲ್‌ನಿಂದ ಒಳಗೆ, ಮಾರ್ಕೆಟ್ಟಿನ ಹಿಂದಿನ ಅಡ್ಡರಸ್ತೆಯಲ್ಲಿ. ಕೆಳಗೆ ರಾಮಯ್ಯನವರ ಸಂಸಾರ, ಮೊದಲ ಮಹಡಿಯಲ್ಲಿ ಇನ್‌ಸ್ಟಿಟ್ಯೂಟ್, ಅದರ ಮೇಲೆ ಬಾಡಿಗೆ ಮನೆಗಳು. ರಾಮಯ್ಯನವರ ತಂದೆಯ ಕಾಲದಲ್ಲಿ ಅಲ್ಲಿ ರಾಗಿ, ಸೊಪ್ಪು ಬೆಳೆಯುತ್ತಿದ್ದರು. ಈಗ ಬಾಡಿಗೆ ಬೆಳೀತೀವಿ, ಕಳೆ ಕೀಳೋ ಕೆಲಸ ಮಾತ್ರ ಹಂಗೇ ಇದೆ ಎಂದು ರಾಮಯ್ಯ ಬಂದವರಿಗೆಲ್ಲ ಹೇಳುತ್ತಿದ್ದರು.

ದಿವ್ಯಳ ಗಂಡ ದೀಪಕ್ ಕೆಲಸ ಮಾಡುತ್ತಿದ್ದ ಕನಕಪುರ ರಸ್ತೆಯ ಬೈಕ್ ಶೋರೂಮ್ ಜೂನ್‌ನಲ್ಲಿ ಮುಚ್ಚಿತು. ಅಲ್ಲಿಂದಾಚೆಗೆ ಅವನು ಅಪ್ಪನ ಬಾಡಿಗೆ ವಸೂಲಿ, ನೀರಿನ ಮೋಟರು, ಪ್ಲಂಬರ್ ಎಂದು ಮನೆಯಲ್ಲೇ ಉಳಿದ. ಗಾಡಿಗೆ ಪೆಟ್ರೋಲ್ ಹಾಕಿಸಬೇಕಾದರೂ ಅಪ್ಪನ ಮುಂದೆ ನಿಲ್ಲಬೇಕು. ದಿವ್ಯ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ, ಮದುವೆಗೆ ಮುಂಚೆ ಯುಪಿಎಸ್ ರಿಪೇರಿ ಸರ್ವಿಸ್ ಸೆಂಟರೊಂದರಲ್ಲಿ ಎರಡು ವರ್ಷ ದುಡಿದವಳು. ಮಗಳು ಹಂಸಿನಿಗೆ ಈಗ ನಾಲ್ಕು ತುಂಬಿತ್ತು. ಡಿಪ್ಲೊಮಾದಲ್ಲಿ ಜೊತೆಗೆ ಓದಿದ್ದ ಜಯಾ ಬನ್ನೇರುಘಟ್ಟ ರಸ್ತೆಯ ಕಂಪನಿಯಲ್ಲಿ ಬ್ಯಾಂಕುಗಳ ನೆಟ್‌ವರ್ಕ್ ನೋಡಿಕೊಳ್ಳುವ ತಂಡದಲ್ಲಿದ್ದಳು. ಸೆಪ್ಟೆಂಬರಿನಲ್ಲಿ ಅವಳೇ ಫೋನ್ ಮಾಡಿದಳು.

"ಫೆಬ್ರವರೀಲಿ ನಾಲ್ಕು ಜನನ್ನ ತಗೋತಾರೆ ಕಣೇ. ಎಷ್ಟು ವರ್ಷ ಮನೇಲಿದ್ದೆ ಅಂತ ಕೇಳಲ್ಲ. ಪ್ರಾಕ್ಟಿಕಲ್ ಪಾಸಾದ್ರೆ ಸಾಕು. ಮುಂದಿನ ವರ್ಷದಿಂದ ಕಾಲೇಜಿಂದ ಹೊಸಬರನ್ನೇ ತಗೊಳ್ಳೋದಂತೆ. ಈ ಸಲ ಬಿಟ್ರೆ ಆಮೇಲೆ ನಾನೇನೂ ಮಾಡಕ್ಕಾಗಲ್ಲ."

ದಿವ್ಯ ಮೂರು ಕಡೆ ವಿಚಾರಿಸಿ ಬಂದಿದ್ದಳು. ಚಿತ್ರಾನ್ನದ ತಟ್ಟೆ ಮುಂದಿಟ್ಟು ಮಾವನಿಗೆ ಹೇಳಿದಳು: "ಜಯನಗರ ಒಂಬತ್ತನೇ ಬ್ಲಾಕಲ್ಲಿ ಒಂದಿದೆ ಮಾವ. ಲ್ಯಾಬ್ ನೋಡ್ಕೊಂಡು ಬಂದೆ. ಐದು ತಿಂಗಳು. ಬೆಳಿಗ್ಗೆ ಒಂಬತ್ತೂವರೆಯಿಂದ ಒಂದೂವರೆ."

ರಾಮಯ್ಯ ಹಸಿಮೆಣಸಿನಕಾಯಿಯನ್ನು ತಟ್ಟೆಯ ಅಂಚಿಗೆ ತಳ್ಳಿದರು. "ಮನೆ ಮೇಲೆ ಇನ್‌ಸ್ಟಿಟ್ಯೂಟ್ ಇಟ್ಕೊಂಡು ಜಯನಗರಕ್ಕೆ ಹೋಗ್ತಾರೇನಮ್ಮಾ? ಹೋಟ್ಲಿಗೆ ಬಾಡಿಗೆ ಕೊಟ್ಟು ಪಕ್ಕದ ಹೋಟ್ಲಲ್ಲಿ ಇಡ್ಲಿ ತಿಂದಂಗಾಯ್ತು."

"ಎರಡೂ ಒಂದೇನಾ ಅಂತ ನೋಡ್ಬೇಕು ಮಾವ."

"ಎರಡು ಬೋರ್ಡಲ್ಲೂ ಅದೇ ಹೆಸ್ರು ತಾನೇ ಬರ್ದಿರೋದು?"

ಕೋರ್ಸಿನ ಹೆಸರು ಅದೇ ಇತ್ತು. ಅತ್ತೆ ನಾರಾಯಣಮ್ಮ ಕಾಫಿ ಲೋಟ ತಂದಿಟ್ಟರು. "ಮೇಲೆ ಇದ್ರೆ ಕುಕ್ಕರ್ ಕೂಗಿದ್ದು ಕೇಳ್ಸತ್ತೆ. ಮಗು ಸ್ಕೂಲಿಂದ ಬಂದ್ರೆ ಇಳಿದು ಬಂದು ಊಟ ಹಾಕ್ಬೋದು. ನನ್ನ ಮಂಡಿಗೆ ಈಗ ಮಗು ಹಿಂದೆ ಓಡೋಕಾಗಲ್ಲಮ್ಮ."

"ಫೀಸೂ ಇರಲ್ಲ," ಎಂದ ದೀಪಕ್. "ಇನ್‌ಸ್ಟಿಟ್ಯೂಟ್ ನಡೆಸೋ ವಿಶ್ರುತ್ ನಮ್ಮ ಮಾತು ತೆಗೆದುಹಾಕಲ್ಲ."

ದಿವ್ಯ ಗಂಡನ ಮುಖ ನೋಡಿದಳು. ಅವನು ತಟ್ಟೆ ನೋಡುತ್ತಿದ್ದ. ಆಮೇಲೆ ಅಡುಗೆಮನೆಯಲ್ಲಿ, ಯಾರೂ ಇಲ್ಲದಾಗ, "ಅಪ್ಪನ ಹತ್ರ ಫೀಸಿಗೆ ಅಂತ ಕೇಳೋಕೆ ನನಗೆ ಬಾಯಿ ಬರಲ್ಲ ದಿವ್ಯ. ಮೇಲೇ ಸೇರ್ಕೊ. ಕಲಿಯೋದು ನಿನ್ನ ಕೈಲಿದೆ," ಎಂದ.

ಅವಳು ಮೇಲೇ ಸೇರಿಕೊಂಡಳು.

ವಿಶ್ರುತ್ ಮೂವತ್ತೆರಡರ ಹುಡುಗ, ಬಸವನಗುಡಿಯವನು. ಮುಖ್ಯ ಶಾಖೆ ಸುದ್ದಗುಂಟೆಪಾಳ್ಯದಲ್ಲಿತ್ತು. ಸಾರಕ್ಕಿಯದು ಎರಡನೆಯದು. ಪಾಠ ಚೆನ್ನಾಗಿಯೇ ಮಾಡುತ್ತಿದ್ದ. ತೊಂದರೆ ಏನೆಂದರೆ, ಆ ಕೋಣೆಯಲ್ಲಿ ದಿವ್ಯ ವಿದ್ಯಾರ್ಥಿನಿ ಆಗಲೇ ಇಲ್ಲ. ಮೊದಲ ದಿನವೇ ವಿಶ್ರುತ್ "ಓನರ್ ಮೇಡಂ" ಎಂದು ಪರಿಚಯಿಸಿದ. ಅಲ್ಲಿಂದ ಎಲ್ಲರಿಗೂ ಅವಳು ಅದೇ.

"ಓನರ್ ಮೇಡಂ, ಬಾತ್‌ರೂಮಲ್ಲಿ ನೀರು ಬರ್ತಿಲ್ಲ."

"ಅಕ್ಕಾ, ಪಾರ್ಕಿಂಗಲ್ಲಿ ನನ್ನ ಗಾಡಿ ತೆಗೆಸಿದಾರೆ, ಅಂಕಲ್‌ಗೆ ಸ್ವಲ್ಪ ಹೇಳಿ."

ವಾರದ ಕೊನೆಗೆ ಪರೀಕ್ಷೆ ಇರುತ್ತಿತ್ತು. ಮೊದಲ ಸಲ ಅವಳು ಉತ್ತರ ತಪ್ಪಾಗಿ ಬರೆದಿದ್ದು ಅವಳಿಗೇ ಗೊತ್ತಿತ್ತು. ವಿಶ್ರುತ್ ಪಾಸು ಮಾಡಿದ್ದ. ಕೇಳಿದರೆ, "ನಿಮಗ್ಯಾಕೆ ಮೇಡಂ ಮಾರ್ಕ್ಸಿನ ಚಿಂತೆ," ಎಂದು ನಕ್ಕ. ಕುಕ್ಕರ್ ಮೂರನೇ ಸಲ ಕೂಗಿದಾಗ ಅವಳು ಇಳಿದು ಹೋಗುವುದು, ಹಂಸಿನಿ ಹತ್ತಿ ಬಂದು ತೊಡೆಯ ಮೇಲೆ ಕೂರುವುದು, ನಾರಾಯಣಮ್ಮ ಮೆಟ್ಟಿಲ ಬುಡದಿಂದ "ಗ್ಯಾಸಿನವನು ಬಂದಿದಾನೆ ಕಣೇ" ಎಂದು ಕೂಗುವುದು ಇವೆಲ್ಲ ಬೇಗನೆ ರೂಢಿಯಾದವು. ಆದರೂ ಅವಳು ಓದಿದಳು. ಬೆಳಿಗ್ಗೆ ದೋಸೆ ಹಿಟ್ಟಿಗೆ ಉಪ್ಪು ಕಲಸುವಾಗಲೂ ಐಪಿ ವಿಳಾಸಗಳ ಲೆಕ್ಕ ಮನಸ್ಸಿನಲ್ಲಿ ಹಾಕುತ್ತಿದ್ದಳು. ನವೆಂಬರ್ ಮುಗಿಯುವ ಹೊತ್ತಿಗೆ ಆ ಲೆಕ್ಕದಲ್ಲಿ ಕೋಣೆಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

ಅಭ್ಯಾಸವೆಲ್ಲ ಸಿಮ್ಯುಲೇಟರ್ ಎಂಬ ತಂತ್ರಾಂಶದಲ್ಲಿ. ಪರದೆಯ ಮೇಲೆ, ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಸ್ವಿಚ್ಚು ಎಂಬ ಪೆಟ್ಟಿಗೆಯ ಚಿತ್ರ, ರೂಟರಿನ ಚಿತ್ರ. ಮೌಸ್‌ನಿಂದ ಒತ್ತಿದರೆ ತೆರೆದುಕೊಳ್ಳುತ್ತದೆ. ಡಿಸೆಂಬರಿನ ಒಂದು ದಿನ ಅವಳು ಕೇಳಿದಳು.

"ವಿಶ್ರುತ್, ಜಯನಗರದಲ್ಲಿ ಗಾಜಿನ ರೂಮಲ್ಲಿ ನಿಜವಾದ ಸ್ವಿಚ್ಚುಗಳೇ ಇದ್ವು. ಹುಡುಗ್ರು ಮುಟ್ಟಿ ವೈರ್ ಹಾಕ್ತಿದ್ರು. ನಮ್ದು ಯಾವಾಗ ಬರತ್ತೆ?"

ವಿಶ್ರುತ್ ಮಾರ್ಕರ್ ಪೆನ್ನಿನ ಮುಚ್ಚಳ ಹಾಕಿದ. "ನಮ್ದೂ ಇತ್ತು ಮೇಡಂ. ಇಲ್ಲೇ, ಈ ಮೂಲೇಲಿ. ನೀವೇ ಬಂದು ಹೇಳಿದ್ರಲ್ಲ?"

"ನಾನಾ?"

"ಹೋದ ಬೇಸಿಗೇಲಿ. ಪಾಪು ಎತ್ಕೊಂಡು ಬಂದಿದ್ರಿ. ಸೌಂಡು ಜಾಸ್ತಿ, ಮಗು ಮಲಗ್ತಿಲ್ಲ, ಅತ್ತೆಗೆ ತಲೆನೋವು ಅಂತ. ಆಮೇಲೆ ಅಂಕಲ್ ಬಂದು ಮೆಷಿನ್ ಇರತ್ತೆ, ಇಲ್ಲ ನೀನಿರ್ತೀಯ ಅಂದ್ರು. ಅವತ್ತೇ ಟೆಂಪೋ ತರಿಸಿ ಸುದ್ದಗುಂಟೆಪಾಳ್ಯಕ್ಕೆ ಸಾಗಿಸ್ದೆ."

ಅವಳಿಗೆ ನೆನಪಾಯಿತು. ಆಳೆತ್ತರದ ಕಬ್ಬಿಣದ ಚೌಕಟ್ಟು, ಅದರಲ್ಲಿ ಒಂದರ ಮೇಲೊಂದು ಕಪ್ಪು ಪೆಟ್ಟಿಗೆಗಳು, ಅವುಗಳ ಫ್ಯಾನುಗಳ ಮೊರೆತ. ಕೆಳಗೆ ಅತ್ತೆಯ ಕೋಣೆಯಲ್ಲಿ ಮಧ್ಯಾಹ್ನವೆಲ್ಲ ಗುಂಯ್ ಎನ್ನುತ್ತಿತ್ತು. ಅದನ್ನು ಮನೆಯಲ್ಲಿ ಎಲ್ಲರೂ "ಆ ಮೆಷಿನ್ನು" ಎನ್ನುತ್ತಿದ್ದರು. ಏನು ಮೆಷಿನ್ನು ಎಂದು ಯಾರೂ ಕೇಳಿರಲಿಲ್ಲ. ಅವಳೂ ಕೇಳಿರಲಿಲ್ಲ.

"ಸೇರೋವಾಗ ಯಾಕೆ ಹೇಳ್ಲಿಲ್ಲ?"

"ಅಂಕಲ್ ಬಂದು ನಮ್ಮ ಸೊಸೆ ಇಲ್ಲೇ ಕಲೀತಾಳೆ ಅಂದ್ರು. ಇಲ್ಲಿ ಲ್ಯಾಬ್ ಇಲ್ಲ, ಯಾಕೆ ಇಲ್ಲ ಅಂದ್ರೆ ನೀವು ತೆಗೆಸಿದ್ರಿ ಅಂತ ಓನರ್‌ಗೆ ಹೆಂಗೆ ಹೇಳ್ಲಿ ಮೇಡಂ?"

ಆ ರಾತ್ರಿ ಊಟಕ್ಕೆ ಹಿತಕಿದ ಅವರೆಬೇಳೆ ಸಾರು, ಮುದ್ದೆ. ನಾರಾಯಣಮ್ಮ ಮಧ್ಯಾಹ್ನವಿಡೀ ಕೂತು ಅವರೆಕಾಳಿನ ಸಿಪ್ಪೆ ಹಿತುಕಿದ್ದರು.

"ಅತ್ತೆ, ಹೋದ ಬೇಸಿಗೇಲಿ ಮೇಲೆ ಗುಂಯ್ ಅಂತಿತ್ತಲ್ಲ ಆ ಮೆಷಿನ್ನು, ಅದೇ ಕೋರ್ಸು."

"ಅದು ಕೋರ್ಸು ಅಂತ ನನಗೇನಮ್ಮ ಗೊತ್ತು? ತಲೆ ಮೇಲೆ ಗಿರಣಿ ಇಟ್ಟಂಗಿತ್ತು."

"ವಾಪಸ್ ತರಿಸೋಣ ಮಾವ. ಎರಡು ತಿಂಗ್ಳಷ್ಟೇ. ನೀವು ಒಂದು ಮಾತು ಹೇಳಿದ್ರೆ ತರ್ತಾರಂತೆ."

ರಾಮಯ್ಯ ಮುದ್ದೆ ಮುರಿಯುವುದನ್ನು ನಿಲ್ಲಿಸಿದರು. "ನಾನೇ ತೆಗೆಸಿದ್ದನ್ನ ನಾನೇ ಹೋಗಿ ತಂದಿಡಪ್ಪ ಅನ್ನಲಾ? ಇವತ್ತು ಮೆಷಿನ್ನು ಅಂತಾನೆ, ನಾಳೆ ಎಸಿ ಅಂತಾನೆ. ಬಾಡಿಗೆಗಿರೋರ ಹತ್ರ ಒಂದ್ಸಲ ಬಗ್ಗಿದ್ರೆ ಮುಗೀತು."

"ಅಪ್ಪ, ಅವಳ ಕೆಲಸದ ವಿಷಯ," ಎಂದ ದೀಪಕ್.

"ನಿನ್ನ ಕೆಲಸದ ವಿಷಯ ಏನಾಯ್ತಪ್ಪ?"

ದೀಪಕ್ ಸಾರು ಹಾಕಿಸಿಕೊಂಡ.

ಕೊನೆಗೆ ವಿಶ್ರುತ್ ಒಂದು ದಾರಿ ಹೇಳಿದ. ಸುದ್ದಗುಂಟೆಪಾಳ್ಯದಲ್ಲಿ ಜನವರಿಯ ಮೂರು ಭಾನುವಾರ ಬೆಳಗಿನಿಂದ ಮಧ್ಯಾಹ್ನದವರೆಗೆ ಲ್ಯಾಬ್ ಇರುತ್ತದೆ, ಅಲ್ಲಿಗೆ ಹೋಗಬಹುದು. ರಾಮಯ್ಯನವರ ಮನೆಯಲ್ಲಿ ಭಾನುವಾರವೆಂದರೆ ಮಟನ್ ಸಾರು, ಮತ್ತು ತಲಘಟ್ಟಪುರಕ್ಕೆ ಕೊಟ್ಟಿದ್ದ ಮಗಳು ಅರ್ಪಿತ ಗಂಡನ ಜೊತೆ ಊಟಕ್ಕೆ ಬರುವ ದಿನ. ಮಸಾಲೆ ರುಬ್ಬುವುದರಿಂದ ಎಲೆ ಎತ್ತುವವರೆಗೆ ದಿವ್ಯಳದೇ ಕೆಲಸ.

ಮೊದಲ ಭಾನುವಾರ ಅವಳು ಮಸಾಲೆ ರುಬ್ಬಿಟ್ಟು, ಜೆ.ಪಿ. ನಗರದಲ್ಲಿ ಮೆಟ್ರೊ ಹತ್ತಿ, ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿ, ಜಯದೇವದಲ್ಲಿ ಇಳಿದು ನಡೆದಳು. ಮನೆಯಲ್ಲಿ ದೀಪಕ್ ಈರುಳ್ಳಿ ಹೆಚ್ಚಿದ.

"ಮನೆ ಗಂಡಸು ಈರುಳ್ಳಿ ಹೆಚ್ಚೋ ಹಂಗಾಯ್ತು," ಎಂದರು ರಾಮಯ್ಯ.

"ಶೋರೂಮಲ್ಲಿ ಟೀ ಲೋಟಾನೂ ತೊಳೀತಿದ್ದೆ ಅಪ್ಪ. ನೀವು ನೋಡಿರ್ಲಿಲ್ಲ ಅಷ್ಟೆ."

ಅರ್ಪಿತ ನಕ್ಕಳು. ನಾರಾಯಣಮ್ಮ ನಗಲಿಲ್ಲ. ದಿವ್ಯ ಮಧ್ಯಾಹ್ನ ಮೂರಕ್ಕೆ ಬಂದಾಗ ಪಾತ್ರೆಗಳು ಸಿಂಕಿನಲ್ಲಿ ಕಾಯುತ್ತಿದ್ದವು. ಆ ದಿನ ಆರು ಜನರ ಹಿಂದೆ ನಿಂತು ನೋಡಿದ್ದಷ್ಟೇ ಆಗಿತ್ತು. ಎರಡನೇ ಭಾನುವಾರ ಕೇಬಲ್ ಕತ್ತರಿಸಿ ತುದಿಗೆ ಕನೆಕ್ಟರ್ ಕೂರಿಸಲು ಕಲಿತಳು. ಎಂಟು ಸಣ್ಣ ತಂತಿಗಳನ್ನು ಬಣ್ಣದ ಕ್ರಮದಲ್ಲಿ ಜೋಡಿಸಿ ಒತ್ತಬೇಕು. ಅವಳ ಕೇಬಲ್ ಮೊದಲ ಸಲಕ್ಕೇ ಸರಿಬಂತು. ಯುಪಿಎಸ್ ರಿಪೇರಿ ಮಾಡಿದ ಕೈ. ಮನೆಗೆ ಬಂದು ಅದನ್ನು ದೀಪಕ್‌ಗೆ ತೋರಿಸಿದಳು. ಅವನು ಹಿಂದೆ ಮುಂದೆ ತಿರುಗಿಸಿ ನೋಡಿ, "ಸಖತ್ತಾಗಿದೆ," ಎಂದ.

ಮೂರನೇ ಭಾನುವಾರ ಹೊಸ ಸ್ವಿಚ್ಚಿಗೆ ಲ್ಯಾಪ್‌ಟಾಪ್ ಜೋಡಿಸಿ ಮೊದಲ ಸಲ ಚಾಲೂ ಮಾಡುವ ಪಾಠ. ಅದರ ಹಿಂದಿನ ಶುಕ್ರವಾರ ಅರ್ಪಿತ ಫೋನ್ ಮಾಡಿದಳು. ಅವಳ ಅತ್ತೆಮಾವ, ಮೈದುನ ಎಲ್ಲರೂ ಭಾನುವಾರ ಊಟಕ್ಕೆ ಬರುತ್ತಾರೆ.

"ಬೀಗರು ಮನೆಗೆ ಬಂದಾಗ ಸೊಸೆ ಇಲ್ಲ ಅಂದ್ರೆ ನಾನೇನು ಹೇಳ್ಲಿ?" ಎಂದರು ನಾರಾಯಣಮ್ಮ.

"ಕ್ಲಾಸಿಗೆ ಹೋಗಿದಾಳೆ ಅಂತ ಹೇಳಿ ಅತ್ತೆ."

"ಕ್ಲಾಸು ಮೇಲಿದೆಯಲ್ಲ ಅಂತಾರೆ. ಅವ್ರಿಗೆ ಗೊತ್ತು."

"ಇಲ್ಲಿಲ್ಲದ್ದು ಅಲ್ಲಿದೆ ಅಂತ ಹೇಳಿ."

"ಎದುರು ವಾದಿಸೋದು ಚೆನ್ನಾಗಿ ಕಲ್ತಿದೀಯ. ಫೀಸು ಬೇರೆ ಇಲ್ಲ."

ದಿವ್ಯ ಗಂಡನನ್ನು ನೋಡಿದಳು. ದೀಪಕ್ ಹಂಸಿನಿಯ ಶೂ ಲೇಸು ಬಿಚ್ಚುತ್ತಿದ್ದ. "ಒಂದು ಭಾನುವಾರ ತಾನೇ ದಿವ್ಯ. ವಿಶ್ರುತ್ ಹತ್ರ ಹೇಳಿಸ್ಕೊ."

ಭಾನುವಾರ ಹತ್ತು ಜನಕ್ಕೆ ಅಡುಗೆಯಾಯಿತು. ಬೀಗರು ಚಾಪ್ಸ್ ಚೆನ್ನಾಗಿದೆ ಎಂದರು. ಸೋಮವಾರ ವಿಶ್ರುತ್ ಬಿಳಿ ಹಲಗೆಯ ಮೇಲೆ ಸ್ವಿಚ್ಚಿನ ಹಿಂಭಾಗದ ಚಿತ್ರ ಬರೆದು, ಬಾಣ ಹಾಕಿ ತೋರಿಸಿದ. "ಇಷ್ಟೇ ಮೇಡಂ, ಏನಿಲ್ಲ. ನಿಮಗೆ ಥಿಯರಿ ಗೊತ್ತಲ್ಲ. ಈ ಕ್ಲಾಸು ಮತ್ತೆ ಬರೋದು ಮಾರ್ಚಲ್ಲಿ."

ಫೆಬ್ರವರಿ ಎರಡನೇ ವಾರ ಜಯಾಳ ಕಂಪನಿಯಲ್ಲಿ ಪರೀಕ್ಷೆ. ಜಯಾ ಗೇಟಿನ ಬಳಿ ಕಾದಿದ್ದಳು. ಬರವಣಿಗೆಯ ಭಾಗದಲ್ಲಿ ಇಪ್ಪತ್ತಮೂರು ಜನರಲ್ಲಿ ದಿವ್ಯಳಿಗೆ ಮೂರನೇ ಸ್ಥಾನ. ಜಯಾ ಅವಳ ಭುಜ ಹಿಂಡಿದಳು.

ಪ್ರಾಕ್ಟಿಕಲ್ ಕೋಣೆಯಲ್ಲಿ ಮೇಜಿನ ಮೇಲೆ ಒಂದು ಸ್ವಿಚ್ಚು, ಒಂದು ಲ್ಯಾಪ್‌ಟಾಪ್, ತಿಳಿನೀಲಿ ಬಣ್ಣದ ಒಂದು ಕೇಬಲ್. ಅದನ್ನು ಸ್ವಿಚ್ಚಿನ ಕನ್ಸೋಲ್ ಎಂಬ ಕಿಂಡಿಗೆ ಹಾಕಿದರೆ ಮಾತ್ರ ಪರದೆಯ ಮೇಲೆ ಅಕ್ಷರ ಬರುತ್ತದೆ. ಉಳಿದ ಕಿಂಡಿಗಳೂ ನೋಡಲು ಅದರಂತೆಯೇ ಇರುತ್ತವೆ. ವಿಶ್ರುತ್ ಬರೆದ ಚಿತ್ರದಲ್ಲಿ ಅದು ಹಿಂಭಾಗದಲ್ಲಿತ್ತು. ಈ ಸ್ವಿಚ್ಚಿನಲ್ಲಿ ಅದು ಮುಂಭಾಗದಲ್ಲಿತ್ತು. ಹಿಂಭಾಗದಲ್ಲೂ ಅಂಥದ್ದೊಂದು ಕಿಂಡಿ ಇತ್ತು, ಆದರೆ ಅದು ಬೇರೆ ಕೆಲಸದ್ದು. ಅವಳು ಕೇಬಲನ್ನು ಹಿಂದಿನ ಕಿಂಡಿಗೆ ಹಾಕಿದಳು. ಪರದೆ ಕಪ್ಪಗೆ ಉಳಿಯಿತು. ತೆಗೆದು ಮತ್ತೆ ಹಾಕಿದಳು. ಸ್ವಿಚ್ಚು ಆರಿಸಿ ಹಚ್ಚಿದಳು. ಅದು ಕಿವಿಯ ಪಕ್ಕದಲ್ಲೇ ಮೊರೆಯಿತು. ಪಕ್ಕದ ಮೇಜಿನ ಹುಡುಗ ಆಗಲೇ ಟೈಪ್ ಮಾಡತೊಡಗಿದ್ದ. ಅವಳಿಗೆ ಕೊಡಬೇಕಾದ ಆದೇಶಗಳೆಲ್ಲ ಬಾಯಿಪಾಠ ಬರುತ್ತಿದ್ದವು. ಟೈಪ್ ಮಾಡಲು ಜಾಗ ಸಿಗಲಿಲ್ಲ.

ಪರೀಕ್ಷಕರು ಗಡಿಯಾರ ನೋಡಿದರು. "ಇದಕ್ಕೆ ಮುಂಚೆ ಸ್ವಿಚ್ಚು ಮುಟ್ಟಿದೀರಾ ಮೇಡಂ?"

"ಎರಡು ಸಲ ಲ್ಯಾಬಿಗೆ ಹೋಗಿದ್ದೆ ಸಾರ್."

"ಲೆಕ್ಕ ಎಲ್ಲಾ ಸರಿಯಾಗಿ ಮಾಡಿದೀರ. ಆದ್ರೆ ಬ್ಯಾಂಕ್ ಬ್ರಾಂಚಲ್ಲಿ ಲೈನ್ ಹೋಗಿರೋವಾಗ ಕಲಿಸೋಕೆ ನಮಗೆ ಟೈಮ್ ಇರಲ್ಲ. ಸಾರಿ."

ಹೊರಗೆ ಜಯಾ ಎರಡು ಟೀ ತಂದಳು. "ಅಷ್ಟು ಓದಿದ್ದೆ ಕಣೇ ನೀನು," ಎಂದಳು. ಆಮೇಲೆ ಅವಳ ಬ್ರೇಕ್ ಮುಗಿಯಿತು.

ಸಂಜೆ ದಿವ್ಯ ಅಡ್ಡರಸ್ತೆಗೆ ತಿರುಗಿದಾಗ ಮನೆಯ ಮುಂದೆ ಇಬ್ಬರು ಹುಡುಗರು ಏಣಿ ಹಾಕಿ ಫ್ಲೆಕ್ಸ್ ಕಟ್ಟುತ್ತಿದ್ದರು. ಮೊದಲ ಮಹಡಿಯ ಕಂಬಿಯಿಂದ ಗೇಟಿನ ಮೇಲಿನವರೆಗೆ ಇಳಿಬಿದ್ದಿತ್ತು. ಅದರ ಮೇಲೆ ಅವಳ ಮುಖ. ಅರ್ಪಿತಳ ಮದುವೆಯಲ್ಲಿ ತೆಗೆದ ಫೋಟೊ. ಮೂಗುತಿ, ತಲೆಯಲ್ಲಿ ಮಲ್ಲಿಗೆ ದಂಡೆ. ಕೆಳಗೆ ದಪ್ಪಕ್ಷರದಲ್ಲಿ: ನಮ್ಮ ವಿದ್ಯಾರ್ಥಿನಿ ದಿವ್ಯ ದೀಪಕ್ ಅವರಿಗೆ ನೆಟ್‌ವರ್ಕ್ ಎಂಜಿನಿಯರ್ ಹುದ್ದೆ. ಹೊಸ ಬ್ಯಾಚ್ ಪ್ರವೇಶ ಆರಂಭ.

ರಾಮಯ್ಯ ಕೆಳಗೆ ನಿಂತು, "ಎಡಕ್ಕೆ ಸ್ವಲ್ಪ ಎಳೀರೋ, ಸೊಟ್ಟಗಿದೆ," ಎನ್ನುತ್ತಿದ್ದರು.

"ಮಾವ, ನನಗೆ ಕೆಲಸ ಸಿಗ್ಲಿಲ್ಲ."

ರಾಮಯ್ಯ ಏಣಿಯ ಮೇಲಿದ್ದವರನ್ನು ನೋಡಿ ದನಿ ತಗ್ಗಿಸಿದರು. "ಒಳಗೆ ನಡಿ."

ಒಳಗೆ ವಿಶ್ರುತ್ ಕೂತಿದ್ದ. ಕೈಯಲ್ಲಿ ಕಾಫಿ. ವಿಷಯ ಕೇಳಿ ಎದ್ದು ನಿಂತ. "ನಿಮಗೆ ಸಿಗಲ್ಲ ಅಂತ ನಾನು ಹೆಂಗೆ ಅಂದ್ಕೊಳ್ಳಲಿ ಮೇಡಂ? ಬ್ಯಾಚಲ್ಲಿ ನೀವೇ ಫಸ್ಟು. ಅಂಕಲ್ ಹತ್ರ ಕೇಳ್ದೆ, ಫೋಟೊ ಕೊಟ್ರು. ಬೇಡ ಅಂದ್ರೆ ಈಗ್ಲೇ ಇಳಿಸ್ತೀನಿ."

"ಇಳಿಸಿ," ಎಂದಳು ದಿವ್ಯ.

"ಸುಮ್ನಿರಮ್ಮ," ಎಂದರು ರಾಮಯ್ಯ. "ಹುಡುಗ್ರು ಏಣಿ ಹಾಕಿದಾಗಿಂದ ಊರೆಲ್ಲ ನೋಡಿದೆ. ಬೀಗರಿಗೆ ವಾಟ್ಸಾಪಲ್ಲಿ ಕಳ್ಸಿದೀನಿ. ಕೆಲಸ ಇವತ್ತಲ್ಲ ನಾಳೆ ಸಿಗತ್ತೆ. ಸಿಕ್ತು ಅಂತ ಹಾಕಿ ಇಳಿಸಿದ್ರೆ ಈ ರಸ್ತೇಲಿ ನಾನು ಹೆಂಗೆ ಓಡಾಡ್ಲಿ?"

"ನಾನು ಹೆಂಗೆ ಓಡಾಡ್ಲಿ ಮಾವ?"

"ನೀನು ಎಲ್ಲಿಗೆ ಓಡಾಡ್ಬೇಕು?"

ದೀಪಕ್ ಬಾಗಿಲಲ್ಲಿ ನಿಂತಿದ್ದ. "ಅಪ್ಪ, ಅದು ಸುಳ್ಳಲ್ವಾ?" ಎಂದ.

"ಏಣಿ ಹೊರಗಿದೆ. ನಿನ್ನ ಕೈಲಾದ್ರೆ ಹತ್ತಿ ಇಳಿಸು."

ದೀಪಕ್ ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಗಾಡಿ ಸ್ಟಾರ್ಟ್ ಆದ ಸದ್ದು ಕೇಳಿತು. ಫ್ಲೆಕ್ಸ್ ಇದ್ದಲ್ಲೇ ಇತ್ತು.

ಹೂವಿನವಳು, ಹಾಲಿನ ಬೂತಿನವರು, ಹಂಸಿನಿಯ ಸ್ಕೂಲಿನ ಆಯಾ ಎಲ್ಲರೂ ಕೇಳಿದರು. ನಾರಾಯಣಮ್ಮನೇ ಉತ್ತರ ಕೊಡುತ್ತಿದ್ದರು: "ಮನೆಯಿಂದಲೇ ಕೆಲಸ ಕಣಮ್ಮ. ಲ್ಯಾಪ್‌ಟಾಪಲ್ಲೇ ಎಲ್ಲ." ದಿವ್ಯ ಬನಶಂಕರಿಯಲ್ಲಿದ್ದ ತನ್ನ ಹಳೆಯ ಸರ್ವಿಸ್ ಸೆಂಟರಿಗೆ ಹೋಗಿ ಕೆಲಸ ಕೇಳಿದಳು. ಮಾಲೀಕ ಚಿದಾನಂದ್ ನಕ್ಕರು. "ತಮಾಷೆ ಮಾಡ್ತೀರಾ? ಸಾರಕ್ಕೀಲಿ ನಿಮ್ಮ ಫೋಟೊ ನೋಡ್ದೆ. ಎಂಜಿನಿಯರ್ ಸಂಬಳ ಬಿಟ್ಟು ಈ ಧೂಳಿಗೆ ಯಾರು ಬರ್ತಾರೆ?" ಅವಳು ನಿಜ ಹೇಳಿದಳು. ಅವರು, "ಹಂಗಾದ್ರೆ ಅಲ್ಲಿ ಸುಳ್ಳು ಯಾಕೆ ಹಾಕ್ಕೊಂಡಿದೀರ?" ಎಂದರು. ಆಮೇಲೆ ನೋಡಿ ಹೇಳುವುದಾಗಿ ತಿಳಿಸಿದರು. ಫೋನ್ ಬರಲಿಲ್ಲ.

ಮಾರ್ಚ್ ಮೊದಲ ವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಹಿಂದಿನ ಬೀದಿಯ ಸಿದ್ದಗಂಗಮ್ಮ ಮಗಳು ಇಂಚರಳನ್ನು ಕರೆದುಕೊಂಡು ಬಂದರು. ಸಿದ್ದಗಂಗಮ್ಮನಿಗೆ ಮಾರ್ಕೆಟ್ಟಿನಲ್ಲಿ ತರಕಾರಿ ಅಂಗಡಿ. ಇಂಚರ ಬಿ.ಎಸ್‌ಸಿ. ಮುಗಿಸಿ ಮನೆಯಲ್ಲಿದ್ದಳು. ತಾಯಿ ಒಂದು ಚೀಲ ಬೀನ್ಸ್ ತಂದು ಕಟ್ಟೆಯ ಮೇಲಿಟ್ಟರು.

"ದಿವ್ಯಮ್ಮ, ನಿನ್ನ ನೋಡೇ ಧೈರ್ಯ ಬಂತು ಕಣವ್ವ. ಮಗು ಕಟ್ಕೊಂಡು ನೀನೇ ಮಾಡಿದೀಯ ಅಂದ್ಮೇಲೆ ಇವಳು ಮಾಡಲ್ವಾ? ಮೇಲೆ ಸೇರಿಸ್ಲಾ? ಜಯನಗರದಲ್ಲೂ ಒಂದಿದೆ ಅಂತಾಳೆ ಇವಳು."

ಅಡುಗೆಮನೆಯಲ್ಲಿ ನಾರಾಯಣಮ್ಮ ಸೊಪ್ಪು ಬಿಡಿಸುತ್ತಿದ್ದರು. ಕಡ್ಡಿ ಮುರಿಯುವ ಸದ್ದು ನಿಂತಿತು.

"ಜಯನಗರಕ್ಕೆ ಸೇರ್ಸಿ ಆಂಟಿ," ಎಂದಳು ದಿವ್ಯ. "ಇಲ್ಲಿ ಲ್ಯಾಬ್ ಇಲ್ಲ. ಸ್ವಿಚ್ಚು ಕೈಯಲ್ಲಿ ಮುಟ್ಟದೆ ಈ ಕೆಲಸ ಬರಲ್ಲ. ನನಗೆ ಕೆಲಸ ಸಿಕ್ಕಿಲ್ಲ. ಹೊರಗೆ ಹಾಕಿರೋದು ನಿಜ ಅಲ್ಲ."

ಸಿದ್ದಗಂಗಮ್ಮ ಅವಳನ್ನೇ ನೋಡಿದರು. ನೋಡುತ್ತಾ ಅವರ ಮುಖ ಗಟ್ಟಿಯಾಯಿತು.

"ನಿಮ್ಮ ಮಾವನೇ ನಿಂತು ಕಟ್ಟಿಸಿದ್ದು ನಾನು ಕಣ್ಣಾರೆ ನೋಡಿದೀನಿ. ನಿಮ್ಮತ್ತೆ ಮನೆಯಿಂದ್ಲೇ ಕೆಲಸ ಅಂತ ನನಗೇ ಹೇಳಿದಾರೆ."

"ಅವರು ಹೇಳಿದ್ದು..."

"ಬಿಡವ್ವ. ನಿಮಗಾಯ್ತು. ತರಕಾರಿ ಮಾರೋಳ ಮಗಳೂ ಅದೇ ಕೆಲಸಕ್ಕೆ ಬಂದ್ರೆ ಸರಿ ಕಾಣಲ್ಲ ಅಲ್ವಾ?"

"ಹಂಗಲ್ಲ ಆಂಟಿ. ಇಂಚರ, ನೀನಾದ್ರೂ ಕೇಳು. ಜಯನಗರಕ್ಕೆ ಒಂದ್ಸಲ ಹೋಗಿ ನೋಡ್ಕೊಂಡು ಬಾ."

ಇಂಚರ ತಾಯಿಯ ಮುಖ ನೋಡಿದಳು. ಸಿದ್ದಗಂಗಮ್ಮ ಅವಳ ತೋಳು ಹಿಡಿದು ಹೊರಗೆ ಹೊರಟರು. ಗೇಟಿನ ಕಡೆಗೆ ತಿರುಗಲಿಲ್ಲ. ಪಕ್ಕದ ಮೆಟ್ಟಿಲು ಹತ್ತಿದರು. ದಿವ್ಯ ಬಾಗಿಲಿಗೆ ಬಂದು ಎರಡು ಸಲ ಕರೆದಳು. ಮೇಲೆ ಗಾಜಿನ ಬಾಗಿಲು ತೆರೆಯಿತು. "ಬನ್ನಿ ಬನ್ನಿ ಅಮ್ಮ," ಎಂದ ವಿಶ್ರುತನ ದನಿ ಕೇಳಿತು. ಕುರ್ಚಿ ಎಳೆದ ಸದ್ದು, ಆಮೇಲೆ ಇನ್ನೊಂದು ಕುರ್ಚಿ.

ನಾರಾಯಣಮ್ಮ ಬಂದು ಬೀನ್ಸ್ ಚೀಲ ಎತ್ತಿಕೊಂಡರು. ಒಳಗೆ ಇಣುಕಿ ನೋಡಿದರು.

"ಎಳೇದಾಗಿದೆ," ಎಂದರು. "ಪಲ್ಯಕ್ಕೆ ಹೆಚ್ಚು. ಹೊತ್ತಾಯ್ತು."